ಜಿ.ಪಿ.ಎಸ್. ಕೈಗಡಿಯಾರ: ಕೊಳ್ಳುವ ಮುನ್ನ ತಿಳಿಯಬೇಕಾದುದು

ಉದ್ಯೋಗವನ್ನರಸಿ ಊರು ಬಿಟ್ಟು ಮುಂಬಯಿಗೋ ಮದರಾಸಿಗೋ ಹೊರಟುನಿಂತ ಕನ್ನಡಿಗ ತರುಣನ ಎಡಗೈಯಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿ ಕಾಣುತ್ತಿದ್ದುದು ಎಚ್.ಎಂ.ಟಿ. ಗಡಿಯಾರ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾದ ಕಾರ್ಖಾನೆಯ ಆ ಗಡಿಯಾರಕ್ಕೆ ಪ್ರತಿದಿನ ಬೆಳಿಗ್ಗೆ ಕೀಲಿ ಕೊಡಬೇಕಾಗಿತ್ತು. ಅದರಿಂದ ಒಡೆಯನು ನಿರೀಕ್ಷಿಸುತ್ತಿದ್ದುದು ಒಂದೇ ಒಂದು ಸೇವೆ: ಕಛೇರಿಗೆ ಒಯ್ಯುವ ಲೋಕಲ್ ಗಾಡಿ ತಪ್ಪಬಾರದು. 2016ರಲ್ಲಿ ಎಚ್.ಎಂ.ಟಿ.ಯ ಕೈಗಡಿಯಾರ ಕಂಪನಿಯನ್ನು ಮುಚ್ಚುವ ನಿರ್ಣಯವನ್ನು ಕೇಂದ್ರ ಸರಕಾರ ಕೈಗೊಂಡಾಗ ಅನೇಕ ಮನೆಗಳಲ್ಲಿ ಹಳೆಯ ಪೆಟ್ಟಿಗೆಯನ್ನು ತೆರೆದು ತಂದೆಯ ಗಡಿಯಾರವನ್ನು ಹೊರತೆಗೆದು ನೋಡಿದವರುಂಟು.

ಅದೇ ಮನೆತನಗಳ ಮುಂದಿನ ತಲೆಮಾರಿನವರ ಮಣಿಕಟ್ಟಿನಲ್ಲಿ ಇಂದು ಕಾಣುವ ಗಡಿಯಾರ ಬೇರೆಯೇ ಜಾತಿಯದು. ಅದು ವೇಳೆಯನ್ನು ತಿಳಿಸುವುದು ಕೇವಲ ಆನುಷಂಗಿಕವಾಗಿ. ಓಡಿದ ದೂರ, ಏರಿದ ಎತ್ತರ, ಹೃದಯದ ಬಡಿತ, ನಿದ್ರೆಯ ಅವಧಿ, ಈಜುಕೊಳದಲ್ಲಿ ಕೈ ಬೀಸಿದ ಸಂಖ್ಯೆ ಇವೆಲ್ಲವನ್ನೂ ಲೆಕ್ಕವಿಟ್ಟು ಒಪ್ಪಿಸುವುದೇ ಅದರ ಮುಖ್ಯ ವೃತ್ತಿ. ಇದರ ಆಗಮನಕ್ಕೂ ಒಂದು ನಿಶ್ಚಿತ ಕ್ರಮವುಂಟು. ನಲವತ್ತೈದು ದಾಟಿದೊಡನೆ ವಾರ್ಷಿಕ ತಪಾಸಣೆಯಲ್ಲಿ ಸಕ್ಕರೆಯೋ ರಕ್ತದೊತ್ತಡವೋ ಕೊಂಚ ಏರಿರುವುದು ಕಂಡುಬರುತ್ತದೆ. ವೈದ್ಯರು ನಡೆಯಲು ಹೇಳುತ್ತಾರೆ. ಶಿವಾಜಿ ಪಾರ್ಕಿನ ಸುತ್ತಲೋ, ಪುಣೆಯ ವೇತಾಳ ಗುಡ್ಡದ ಮೇಲೋ, ಚೆನ್ನೈಯ ಮರೀನಾ ತೀರದಲ್ಲೋ ಆರಂಭವಾದ ನಡಿಗೆ ಆರು ತಿಂಗಳಲ್ಲಿ ಓಟವಾಗುತ್ತದೆ. ಗೆಳೆಯರು ಜೊತೆಗೂಡುತ್ತಾರೆ. ಜನವರಿಯ ಮುಂಬಯಿ ಮ್ಯಾರಥಾನಿಗೆ ಹೆಸರು ನೋಂದಾಯಿಸಲ್ಪಡುತ್ತದೆ, ಮಳೆಗಾಲದಲ್ಲಿ ಸಹ್ಯಾದ್ರಿಯ ಚಾರಣವೂ ಸೇರಿಕೊಳ್ಳುತ್ತದೆ. ಆ ವೇಳೆಗೆ ಅಮೆರಿಕದಲ್ಲಿರುವ ಮಗನೋ ಸೊಸೆಯೋ ಕೇಳುತ್ತಾರೆ: “ಬರುವಾಗ ಒಂದು ವಾಚ್ ತರಲೇ?”

ತರಬಹುದು, ಆದರೆ ಯಾವುದನ್ನು? ಹದಿನೈದು ಇಪ್ಪತ್ತು ಸಾವಿರ ರೂಪಾಯಿಗಳಿಂದ ಹಿಡಿದು ಲಕ್ಷವನ್ನು ಮುಟ್ಟುವ ಬೆಲೆಯವರೆಗೂ ಇವು ದೊರೆಯುತ್ತವೆ. ಬೆಲೆಯ ಪ್ರಶ್ನೆಗಿಂತ ದೊಡ್ಡದು ನಂಬಿಕೆಯ ಪ್ರಶ್ನೆ. ಭಾರತೀಯರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಪಾಶ್ಚಾತ್ಯರಿಗಿಂತ ಐದರಿಂದ ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆಂಬುದು ವೈದ್ಯಲೋಕ ಒಪ್ಪಿದ ಸಂಗತಿ. ಐವತ್ತರ ಆಸುಪಾಸಿನವರು ಮಣಿಕಟ್ಟಿನ ಒಂದು ಅಂಕಿಯನ್ನು ನೋಡಿ ವೇಗವನ್ನು ಹೆಚ್ಚಿಸುತ್ತಾರೆ. ಮಂಜು ಕವಿದ ಬೆಟ್ಟದಲ್ಲಿ ಅದೇ ಗಡಿಯಾರದ ಬಾಣದ ಗುರುತನ್ನು ನೋಡಿ ದಾರಿ ಹಿಡಿಯುತ್ತಾರೆ. ಆದುದರಿಂದ ಅದು ಯಾವುದನ್ನು ನಿಜವಾಗಿ ಅಳೆಯುತ್ತದೆ, ಯಾವುದನ್ನು ಕೇವಲ ಊಹಿಸುತ್ತದೆ ಎಂಬುದನ್ನು ಮೊದಲು ಅರಿಯುವುದು ಯುಕ್ತ.

ಆಕಾಶದ ಗಡಿಯಾರಗಳು

ಜಿ.ಪಿ.ಎಸ್. ಎಂಬುದು ಅಮೆರಿಕದ ರಕ್ಷಣಾ ಇಲಾಖೆ ರೂಪಿಸಿದ ವ್ಯವಸ್ಥೆ. ಇದರ ಮೊದಲನೆಯ ಉಪಗ್ರಹ 1978ರಲ್ಲಿ ಮೇಲೇರಿತು. 1995ರಲ್ಲಿ ವ್ಯವಸ್ಥೆ ಪೂರ್ಣಗೊಂಡಿತು. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಈ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. “ಇದೀಗ ಇಷ್ಟು ಗಂಟೆ, ನಾನು ಇಂಥ ಸ್ಥಾನದಲ್ಲಿದ್ದೇನೆ” ಎಂಬುದಷ್ಟೇ ಅವು ಎಡೆಬಿಡದೆ ಸಾರುವ ಸಂದೇಶ. ಆ ರೇಡಿಯೊ ಅಲೆ ಮಣಿಕಟ್ಟನ್ನು ತಲಪಲು ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಈ ವಿಳಂಬದಿಂದ ಉಪಗ್ರಹದ ದೂರವನ್ನು ಗಡಿಯಾರ ಲೆಕ್ಕ ಹಾಕುತ್ತದೆ. ಮೂರು ಉಪಗ್ರಹಗಳ ದೂರ ತಿಳಿದರೆ ನಿಂತ ಸ್ಥಳ ತಿಳಿಯಬೇಕು. ಆದರೆ ಮಣಿಕಟ್ಟಿನ ಗಡಿಯಾರದೊಳಗಿರುವುದು ಪರಮಾಣು ಗಡಿಯಾರವಲ್ಲ, ಸಾಧಾರಣ ಸ್ಫಟಿಕ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರುಗಳ ದೋಷ ಬರುತ್ತದೆ. ಆ ತಪ್ಪನ್ನು ತಿದ್ದಿಕೊಳ್ಳಲೆಂದೇ ನಾಲ್ಕನೆಯ ಉಪಗ್ರಹ ಅವಶ್ಯಕ.

ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತ ದಿನನಿತ್ಯದ ಬದುಕಿಗೆ ಏನೂ ಪ್ರಯೋಜನವಿಲ್ಲವೆಂದು ಭಾವಿಸುವವರು ಒಂದು ಮಾತನ್ನು ಗಮನಿಸಬೇಕು. ಗುರುತ್ವ ಕಡಿಮೆಯಿರುವ ಎತ್ತರದಲ್ಲಿ, ಅತಿವೇಗದಲ್ಲಿ ಚಲಿಸುವ ಆ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೋಡುತ್ತವೆ. ಇದನ್ನು ಮೊದಲೇ ತಿದ್ದಿರದಿದ್ದರೆ ಒಂದೇ ದಿನದಲ್ಲಿ ಹತ್ತು ಕಿ.ಮೀ. ಮೀರಿದ ದೋಷ ಕೂಡಿಕೊಳ್ಳುತ್ತಿತ್ತು. ದಾದರಿನಲ್ಲಿ ಓಡುತ್ತಿರುವವರನ್ನು ಗಡಿಯಾರ ಸಮುದ್ರದ ನಡುವೆ ತೋರಿಸುತ್ತಿತ್ತು.

2000ದ ಮೇ ತಿಂಗಳವರೆಗೆ ಸಾರ್ವಜನಿಕರಿಗೆ ದೊರೆಯುತ್ತಿದ್ದ ಸಂಕೇತವನ್ನು ಅಮೆರಿಕ ಸರಕಾರ ಬೇಕೆಂದೇ ಕೆಡಿಸಿ ಕಳುಹಿಸುತ್ತಿತ್ತು. ನೂರು ಮೀಟರಿನಷ್ಟು ತಪ್ಪು ಸಾಮಾನ್ಯವಾಗಿತ್ತು. ಆ ನಿರ್ಬಂಧವನ್ನು ತೆಗೆದ ಮೇಲೆಯೇ ಓಟಗಾರರಿಗೆ ಇದು ಉಪಯುಕ್ತವಾದುದು. ಕ್ಯಾಸಿಯೊ ಕಂಪನಿ 1999ರಲ್ಲಿಯೇ ಜಿ.ಪಿ.ಎಸ್. ಅಡಕವಾದ ಕೈಗಡಿಯಾರವನ್ನು ಹೊರತಂದಿತ್ತು. 2003ರಲ್ಲಿ ಗಾರ್ಮಿನ್ ಕಂಪನಿಯ ಫೋರ್‌ರನ್ನರ್ ಬಂದಿತು. ಹೃದಯಬಡಿತದ ಮಾಪಕ ಇದಕ್ಕಿಂತ ಹಿರಿದು: ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲಿಯೇ ತಂತಿಯಿಲ್ಲದ ಮಾಪಕವನ್ನು ಮಾರಾಟಕ್ಕೆ ತಂದಿತ್ತು. ಈ ಎರಡು ವಂಶಗಳ ಸಂತಾನವೇ ಇಂದಿನ ಗಡಿಯಾರ.

ಈಗ ರಷ್ಯಾದ ಗ್ಲೊನಾಸ್, ಐರೋಪ್ಯರ ಗೆಲಿಲಿಯೊ, ಚೀನದ ಬೇಯ್ಡೂ ಇವುಗಳ ಸಂಕೇತಗಳನ್ನೂ ಒಟ್ಟಿಗೆ ಕೇಳಿಸಿಕೊಳ್ಳುವ ಗಡಿಯಾರಗಳೇ ಹೆಚ್ಚು. ಭಾರತದ್ದೇ ಆದ ನಾವಿಕ್ ವ್ಯವಸ್ಥೆಯ ಸಂಬಂಧ ಕರ್ನಾಟಕದೊಡನೆ ಬಹು ನಿಕಟವಾದುದು. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಅದರ ಪಥದರ್ಶನ ಕೇಂದ್ರವಿದೆ, ಹಾಸನದಲ್ಲಿ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವಿದೆ. ಮೊದಲ ಉಪಗ್ರಹ 2013ರಲ್ಲಿ ಹಾರಿತು. ಆದರೆ ಆರಂಭದ ಉಪಗ್ರಹಗಳು ಬಳಸುತ್ತಿದ್ದ ಕಂಪನಾಂಕಗಳು ಕೈಗಡಿಯಾರದಂಥ ಚಿಕ್ಕ ಸಾಧನಗಳಲ್ಲಿ ಬಳಕೆಯಲ್ಲಿದ್ದ ಎಲ್-1 ಕಂಪನಾಂಕವಾಗಿರಲಿಲ್ಲ. ಅದನ್ನು ಸೇರಿಸಿದುದು 2023ರ ಮೇ ತಿಂಗಳಲ್ಲಿ ಹಾರಿದ ಎನ್.ವಿ.ಎಸ್.-01 ಉಪಗ್ರಹ. ಅಭಿಮಾನ ಒಂದೆಡೆಯಿರಲಿ, ನಾವಿಕ್ ಹೆಸರಿಲ್ಲವೆಂಬ ಒಂದೇ ಕಾರಣಕ್ಕೆ ಒಳ್ಳೆಯ ಗಡಿಯಾರವನ್ನು ಬಿಡಬೇಕಾಗಿಲ್ಲ.

ಕಟ್ಟಡಗಳ ಕಣಿವೆಯಲ್ಲಿ

ಬಯಲಿನಲ್ಲಿ ಎಲ್ಲ ಗಡಿಯಾರಗಳೂ ಸಾಧುಗಳೇ. ಅವುಗಳ ಗುಣಾವಗುಣ ಹೊರಬೀಳುವುದು ಲೋವರ್ ಪರೇಲಿನ ಗಗನಚುಂಬಿಗಳ ನಡುವೆ, ಗುರುಗ್ರಾಮದ ಗಾಜಿನ ಗೋಡೆಗಳ ಬದಿಯಲ್ಲಿ. ಉಪಗ್ರಹದ ಅಲೆ ನೇರವಾಗಿ ಬರದೆ ಕಟ್ಟಡಕ್ಕೆ ತಗುಲಿ ಪುಟಿದು ಬಂದಾಗ ದೂರ ಹೆಚ್ಚಾದಂತೆ ಗಡಿಯಾರಕ್ಕೆ ಭ್ರಮೆಯಾಗುತ್ತದೆ. ಮನೆಗೆ ಬಂದು ನಕ್ಷೆಯನ್ನು ನೋಡಿದರೆ, ಪಾದಚಾರಿ ಪಥದಲ್ಲಿ ನೆಟ್ಟಗೆ ಓಡಿದವರು ಯಾರದೋ ಮನೆಯ ಅಡಿಗೆ ಕೋಣೆಯ ಮೂಲಕ ಹಾದುಹೋದಂತೆ ಗೆರೆ ಮೂಡಿರುತ್ತದೆ.

ಇದಕ್ಕೆ ಪರಿಹಾರವೆಂದರೆ ಎರಡು ಕಂಪನಾಂಕಗಳ ಗ್ರಾಹಕ. ಎಲ್-1ರ ಜೊತೆಗೆ ಎಲ್-5 ಸಂಕೇತವನ್ನೂ ಕೇಳುವ ಗಡಿಯಾರಗಳನ್ನು ಅಂಗಡಿಯವರು ಡ್ಯುಯಲ್ ಬ್ಯಾಂಡ್ ಅಥವಾ ಮಲ್ಟಿಬ್ಯಾಂಡ್ ಎಂದು ಕರೆಯುತ್ತಾರೆ. ಎಲ್-5ರ ಸಂಕೇತದ ಮಿಡಿತ ಸಾಮಾನ್ಯ ಎಲ್-1 ಸಂಕೇತಕ್ಕಿಂತ ಹತ್ತು ಪಟ್ಟು ವೇಗವಾದುದರಿಂದ ನೇರವಾಗಿ ಬಂದ ಅಲೆಯನ್ನೂ ಪುಟಿದು ಬಂದ ಅಲೆಯನ್ನೂ ಬೇರ್ಪಡಿಸುವುದು ಸುಲಭ. ನಗರದ ನಡುವೆ ಓಡುವವರಿಗೂ ದಟ್ಟ ಕಾಡಿನಲ್ಲಿ ನಡೆಯುವವರಿಗೂ ಇದು ಹಣ ಕೊಡತಕ್ಕ ಸೌಲಭ್ಯ. ಮೈದಾನದ ಸುತ್ತ ನಡೆಯುವವರಿಗೆ ಇದರ ಅಗತ್ಯವಿಲ್ಲ. ಬ್ಯಾಟರಿ ಬೇಗ ಬರಿದಾಗುವುದಷ್ಟೇ ಲಾಭ.

ಓಟದ ಸ್ಪರ್ಧೆಗಳು ಮುಗಿದ ಮೇಲೆ ಪ್ರತಿವರ್ಷ ಕೇಳಿಬರುವ ಒಂದು ದೂರನ್ನೂ ಇಲ್ಲಿ ವಿಚಾರಿಸಬಹುದು. ಅರ್ಧ ಮ್ಯಾರಥಾನಿನ ದೂರ 21.0975 ಕಿ.ಮೀ.; ಗಡಿಯಾರ 21.4 ಎಂದು ತೋರಿಸಿದಾಗ ವ್ಯವಸ್ಥಾಪಕರು ಅಳತೆ ತಪ್ಪಿದರೆಂದು ಅನೇಕರು ಕನಲುತ್ತಾರೆ. ವಾಸ್ತವವಾಗಿ ಪ್ರಮಾಣಿತ ಸ್ಪರ್ಧೆಯ ಮಾರ್ಗವನ್ನು ತಿರುವುಗಳ ಒಳ ಅಂಚಿಗೆ ಹೊಂದಿ, ಸಾಧ್ಯವಾದ ಅತಿ ಹ್ರಸ್ವ ರೇಖೆಯಲ್ಲಿ ಅಳೆಯುತ್ತಾರೆ. ಅದೂ ಕಡಿಮೆಯಾಗದಿರಲೆಂದು ಕಿಲೋಮೀಟರಿಗೆ ಒಂದು ಮೀಟರಿನಂತೆ ಹೆಚ್ಚಳ ಸೇರಿಸುತ್ತಾರೆ. ಸಾವಿರಾರು ಜನರ ನಡುವೆ ಅತ್ತಿತ್ತ ಸರಿದು, ನೀರಿನ ಮೇಜಿನತ್ತ ಓಡಿ, ಪರಿಚಿತರನ್ನು ಕಂಡು ಕೈಬೀಸಲು ರಸ್ತೆ ದಾಟಿದವರು ಆ ಹ್ರಸ್ವ ರೇಖೆಯಲ್ಲಿ ಓಡಿರುವುದಿಲ್ಲ. ಆದುದರಿಂದ ಗುರಿಯ ವೇಗವನ್ನು ಗಡಿಯಾರದ ಅಂಕಿಗೆ ಸರಿಯಾಗಿ ಹಿಡಿದುಕೊಂಡವರು ಕೊನೆಯಲ್ಲಿ ಒಂದೆರಡು ನಿಮಿಷ ಹಿಂದುಳಿಯುತ್ತಾರೆ. ಸ್ಪರ್ಧೆಯ ದಿನ ದಾರಿಬದಿಯ ಕಿಲೋಮೀಟರ್ ಫಲಕವೇ ಪ್ರಮಾಣ. ಫಲಕ ಬಂದಾಗ ಗುಂಡಿಯನ್ನು ಒತ್ತಿ ಸುತ್ತನ್ನು ಗುರುತಿಸಿಕೊಳ್ಳುವ ಸೌಕರ್ಯ ಗಡಿಯಾರದಲ್ಲಿ ಇರಬೇಕು.

ನಾಡಿಯ ಲೆಕ್ಕ

ಗಡಿಯಾರದ ಹಿಂಬದಿಯಲ್ಲಿ ಮಿನುಗುವ ಹಸಿರು ದೀಪವೇ ನಾಡಿ ನೋಡುವ ವೈದ್ಯ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಮಿಡಿದಾಗಲೆಲ್ಲ ಚರ್ಮದಡಿಯ ಸಣ್ಣ ನಾಳಗಳಲ್ಲಿ ರಕ್ತ ಹೆಚ್ಚಿ, ಮರಳಿ ಬರುವ ಬೆಳಕು ಕೊಂಚ ತಗ್ಗುತ್ತದೆ. ಈ ಏರಿಳಿತವನ್ನು ಎಣಿಸಿ ಗಡಿಯಾರ ಬಡಿತವನ್ನು ಹೇಳುತ್ತದೆ. ಕುಳಿತಾಗ, ಮಲಗಿದಾಗ, ಒಂದೇ ಸಮನೆ ನಡೆಯುವಾಗ ಈ ಲೆಕ್ಕ ಸಾಕಷ್ಟು ಸರಿಯಾಗಿರುತ್ತದೆ. ಪಟ್ಟಿ ಸಡಿಲವಾಗಿದ್ದರೆ, ಚಳಿಯಿಂದ ಕೈ ತಣ್ಣಗಾಗಿದ್ದರೆ, ಹಚ್ಚೆಯ ಮೇಲೆ ಗಡಿಯಾರ ಕೂತಿದ್ದರೆ ತಪ್ಪುತ್ತದೆ. ಓಡುವಾಗ ಇನ್ನೊಂದು ವಿಚಿತ್ರವುಂಟು: ಹೆಜ್ಜೆ ಬಿದ್ದಾಗಲೆಲ್ಲ ಕೈ ಅಲುಗುವುದರಿಂದ ಗಡಿಯಾರ ನಾಡಿಯನ್ನು ಬಿಟ್ಟು ಹೆಜ್ಜೆಗಳನ್ನೇ ಎಣಿಸತೊಡಗುತ್ತದೆ. ನಿಧಾನವಾಗಿ ಓಡುತ್ತಿದ್ದರೂ ನಿಮಿಷಕ್ಕೆ 165 ಅಥವಾ 170ರಲ್ಲಿ ಅಂಕಿ ಅಂಟಿಕೊಂಡು ನಿಂತಿದ್ದರೆ ಈ ಸಂಶಯಕ್ಕೆ ಎಡೆಯುಂಟು. ಸೈಕಲ್ಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಾಗಲೂ ಭಾರ ಎತ್ತುವಾಗಲೂ ಇಂಥದೇ ತೊಂದರೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲಕ್ಕೆ, ಅಲುಗದಷ್ಟು ಬಿಗಿಯಾಗಿ ಕಟ್ಟಿದರೆ ದೋಷ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಬಡಿತವನ್ನು ಆಧಾರವಾಗಿಟ್ಟುಕೊಂಡು ಗಂಭೀರವಾಗಿ ಅಭ್ಯಾಸ ಮಾಡುವವರಿಗೆ ಎದೆಯ ಪಟ್ಟಿಯೇ ಮೇಲು. ಅದು ಹೃದಯದ ವಿದ್ಯುತ್ ಸಂಕೇತವನ್ನು ನೇರವಾಗಿ ಹಿಡಿಯುತ್ತದೆ. ದುಬಾರಿ ಗಡಿಯಾರದ ಬದಲು ಸಾಧಾರಣ ಗಡಿಯಾರವನ್ನೂ ಒಂದು ಎದೆಪಟ್ಟಿಯನ್ನೂ ಕೊಂಡವರು ಅನೇಕ ವೇಳೆ ಕಡಿಮೆ ಖರ್ಚಿನಲ್ಲಿ ಹೆಚ್ಚು ನಿಖರವಾದ ಲೆಕ್ಕ ಪಡೆಯುತ್ತಾರೆ. ಅಂಗಡಿಯವರು ಈ ಸಲಹೆಯನ್ನು ತಾವಾಗಿ ಕೊಡುವುದು ಅಪರೂಪ.

ಅಂಕಿ ಸರಿಯಾಗಿದ್ದರೂ ಅದನ್ನು ಅರ್ಥೈಸುವುದರಲ್ಲಿ ತಪ್ಪಬಹುದು. ಗಡಿಯಾರ ತಾನಾಗಿಯೇ ಗೆರೆ ಹಾಕಿಡುವ ಹಗುರ, ಮಧ್ಯಮ, ತೀವ್ರ ವಲಯಗಳು ಸಾಮಾನ್ಯವಾಗಿ 220ರಿಂದ ವಯಸ್ಸನ್ನು ಕಳೆಯುವ ಹಳೆಯ ಸೂತ್ರವನ್ನು ಅವಲಂಬಿಸಿರುತ್ತವೆ. 52 ವರ್ಷದವರಿಗೆ ಇದರಂತೆ ಗರಿಷ್ಠ ಬಡಿತ 168. 2001ರಲ್ಲಿ ಪ್ರಕಟವಾದ ಇನ್ನೊಂದು ಸೂತ್ರ, ಅಂದರೆ 208ರಿಂದ ವಯಸ್ಸಿನ ಹತ್ತನೇ ಏಳು ಪಾಲನ್ನು ಕಳೆಯುವುದು, ಸುಮಾರು 172 ಎನ್ನುತ್ತದೆ. ಎರಡೂ ಸರಾಸರಿಯ ಮಾತು. ಒಬ್ಬ ವ್ಯಕ್ತಿಯ ನಿಜವಾದ ಗರಿಷ್ಠ ಇದಕ್ಕಿಂತ ಹತ್ತು ಹದಿನೈದು ಬಡಿತ ಮೇಲೋ ಕೆಳಗೋ ಇರುವುದು ಅಸಹಜವಲ್ಲ. ರಕ್ತದೊತ್ತಡಕ್ಕೆಂದು ಮೆಟೊಪ್ರೊಲಾಲ್, ಅಟೆನೊಲಾಲ್ ಮೊದಲಾದ ಬೀಟಾ ಬ್ಲಾಕರ್ ವರ್ಗದ ಔಷಧಗಳನ್ನು ಸೇವಿಸುವವರ ವಿಷಯದಲ್ಲಂತೂ ಈ ವಲಯಗಳು ಸಂಪೂರ್ಣ ನಿರರ್ಥಕ. ಔಷಧ ಬಡಿತವನ್ನು ತಗ್ಗಿಸಿ ಹಿಡಿದಿರುತ್ತದೆ. ಗಡಿಯಾರಕ್ಕೆ ಇದು ತಿಳಿಯದು. “ಇನ್ನೂ ಹಗುರ ವಲಯದಲ್ಲಿದ್ದೀರಿ” ಎಂಬ ಅದರ ಮಾತನ್ನು ನಂಬಿ ವೇಗ ಹೆಚ್ಚಿಸುವವರು ಅಪಾಯವನ್ನು ಆಹ್ವಾನಿಸುತ್ತಾರೆ. ಇಂಥವರು ಒತ್ತಡ ಪರೀಕ್ಷೆ ಮಾಡಿಸಿಕೊಂಡು, ತಮ್ಮ ಮಿತಿಯನ್ನು ವೈದ್ಯರಿಂದಲೇ ಬರೆಸಿಕೊಂಡು, ಆ ಅಂಕಿಗಳನ್ನು ಗಡಿಯಾರದಲ್ಲಿ ಕೈಯಾರೆ ತುಂಬಬೇಕು. ಅದಕ್ಕೆ ಆಸ್ಪದವಿಲ್ಲದ ಗಡಿಯಾರವನ್ನು ಕೊಳ್ಳಲೇಬಾರದು.

ಗಡಿಯಾರವಿಲ್ಲದವರಿಗೂ ಒಂದು ಮಾಪಕವುಂಟು. ಜೊತೆಗಾರರೊಡನೆ ಮಾತನಾಡಲು ಸಾಧ್ಯ, ಆದರೆ ಒಂದು ದೇವರನಾಮವನ್ನು ಹಾಡಲು ಉಸಿರು ಸಾಲದು ಎಂಬಷ್ಟು ಶ್ರಮವೇ ಮಧ್ಯಮ ವ್ಯಾಯಾಮ. ವಾರಕ್ಕೆ 150ರಿಂದ 300 ನಿಮಿಷಗಳ ಇಂಥ ವ್ಯಾಯಾಮವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಿಧಿಸಿದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಪ್ರಸಿದ್ಧ ಸಂಖ್ಯೆಯಾದರೋ ಹುಟ್ಟಿದುದು ವೈದ್ಯಶಾಸ್ತ್ರದಲ್ಲಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ತನ್ನ ಹೆಜ್ಜೆಯೆಣಿಕೆಯ ಯಂತ್ರಕ್ಕೆ “ಹತ್ತು ಸಾವಿರ ಹೆಜ್ಜೆಯ ಮಾಪಕ” ಎಂದು ಹೆಸರಿಟ್ಟುದರಿಂದ ಅದು ರೂಢಿಗೆ ಬಂದಿತು.

ಬಡಿತದ ಮಾಪಕ ನಿಜವಾಗಿ ನೆರವಾಗುವ ಒಂದು ಸಂದರ್ಭವನ್ನು ಹೊರನಾಡಿನ ಕನ್ನಡಿಗರು ವಿಶೇಷವಾಗಿ ಅರಿಯಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ತಂಪು ಬೆಳಗಿನಲ್ಲಿ ಓಡಿ ರೂಢಿಯಾದವರು ವರ್ಗವಾಗಿ ಚೆನ್ನೈಗೆ ಬಂದು ಮೇ ತಿಂಗಳಲ್ಲಿ ಅದೇ ವೇಗದಲ್ಲಿ ಓಡಲು ಹೊರಡುತ್ತಾರೆ. ಸೆಖೆಯಲ್ಲಿ ಮೈಯನ್ನು ತಂಪಾಗಿಸಲು ಹೆಚ್ಚು ರಕ್ತ ಚರ್ಮದತ್ತ ಹರಿಯಬೇಕಾಗುತ್ತದೆ, ಬೆವರಿನಿಂದ ರಕ್ತದ ದ್ರವಾಂಶ ಕುಗ್ಗುತ್ತದೆ; ಅದೇ ವೇಗಕ್ಕೆ ಹೃದಯ ಹೆಚ್ಚು ಬಾರಿ ಮಿಡಿಯಬೇಕಾಗುತ್ತದೆ. ಇಲ್ಲಿ ವೇಗದ ಅಂಕಿಯನ್ನು ಮುಚ್ಚಿಟ್ಟು ಬಡಿತದ ಅಂಕಿಯನ್ನು ಮಾತ್ರ ನೋಡಿ ಓಡುವುದು ಜಾಣತನ. ಎರಡು ವಾರಗಳಲ್ಲಿ ದೇಹ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ.

ಕೆಲವು ಗಡಿಯಾರಗಳು ಹೃದಯದ ವಿದ್ಯುತ್ ಲೇಖನವನ್ನೂ ತೆಗೆಯುತ್ತವೆ, ಲಯ ತಪ್ಪಿದ ಬಡಿತವನ್ನು ಸೂಚಿಸುತ್ತವೆ. ಉಪಯುಕ್ತವಾದ ಸೌಲಭ್ಯವೇ. ಆದರೆ ಹೃದಯಾಘಾತವನ್ನು ಮಣಿಕಟ್ಟಿನ ಯಾವ ಗಡಿಯಾರವೂ ಪತ್ತೆಹಚ್ಚಲಾರದು. ಎದೆ ಬಿಗಿತ, ದವಡೆಗೋ ಎಡತೋಳಿಗೋ ಹಬ್ಬುವ ನೋವು, ಕಾರಣವಿಲ್ಲದ ತಣ್ಣನೆಯ ಬೆವರು ಕಂಡಾಗ ಗಡಿಯಾರ ಏನು ಹೇಳುತ್ತದೆಂದು ನೋಡುತ್ತ ನಿಲ್ಲುವುದು ಅಮೂಲ್ಯ ನಿಮಿಷಗಳ ನಷ್ಟ. ಚುಚ್ಚದೆಯೇ ರಕ್ತದ ಸಕ್ಕರೆಯನ್ನು ಅಳೆಯುತ್ತೇವೆಂಬ ಗಡಿಯಾರಗಳ ಜಾಹೀರಾತುಗಳೂ ಉಂಟು. ಅಂಥ ಯಾವ ಗಡಿಯಾರಕ್ಕೂ ಉಂಗುರಕ್ಕೂ ತಾನು ಮಾನ್ಯತೆ ನೀಡಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2024ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಎಚ್ಚರಿಸಿತು. ಅಂಥ ಅಂಕಿಯನ್ನು ನಂಬಿ ಇನ್ಸುಲಿನ್ನಿನ ಪ್ರಮಾಣವನ್ನು ಬದಲಿಸಿದರೆ ಪ್ರಾಣಕ್ಕೇ ಎರವಾದೀತು.

ನೀರಿನಲ್ಲಿ, ಸೈಕಲ್ಲಿನ ಮೇಲೆ

ಈಜು, ಸೈಕಲ್, ಓಟ ಮೂರನ್ನೂ ಒಂದೇ ಉಸಿರಿನಲ್ಲಿ ಮಾಡುವ ಟ್ರಯಥ್ಲಾನ್ ಸ್ಪರ್ಧೆ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಪ್ರವೇಶ ಪಡೆಯಿತು: 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. 2019ರಲ್ಲಿ ಗೋವೆಯಲ್ಲಿ ಅರ್ಧ ಐರನ್‌ಮನ್ ಸ್ಪರ್ಧೆ ನಡೆದ ಮೇಲೆ ಮುಂಬಯಿ ಪುಣೆಗಳ ಹವ್ಯಾಸಿಗಳಲ್ಲಿಯೂ ಇದರ ಹಂಬಲ ಬೆಳೆದಿದೆ. ಬಹುಕ್ರೀಡಾ ಗಡಿಯಾರವೆಂಬ ಹೆಸರಿಗೆ ಅರ್ಥ ಬರುವುದು ಇಲ್ಲಿ. ಒಂದು ಗುಂಡಿಯನ್ನು ಒತ್ತಿದಾಗ ಈಜಿನಿಂದ ಸೈಕಲ್ಲಿಗೆ, ಮತ್ತೊಮ್ಮೆ ಒತ್ತಿದಾಗ ಓಟಕ್ಕೆ ಲೆಕ್ಕ ಬದಲಾಗಬೇಕು, ನಡುವೆ ಬಟ್ಟೆ ಬದಲಿಸಿದ ಸಮಯವೂ ಬೇರೆಯಾಗಿ ದಾಖಲಾಗಬೇಕು.

ನೀರಿನೊಳಗೆ ಉಪಗ್ರಹದ ಅಲೆ ಇಳಿಯುವುದಿಲ್ಲ. ಸಮುದ್ರದಲ್ಲಿ ಈಜುವಾಗ ಕೈ ಮೇಲೆದ್ದ ಕ್ಷಣಮಾತ್ರದಲ್ಲಿ ಗಡಿಯಾರ ಆಕಾಶವನ್ನು ನೋಡಿಕೊಳ್ಳಬೇಕು. ಆದುದರಿಂದ ಗೆರೆ ಸೊಟ್ಟಗಿರುತ್ತದೆ. ಕೊಳದಲ್ಲಿಯಾದರೆ ಉಪಗ್ರಹದ ಗೊಡವೆಯೇ ಇಲ್ಲ. ದಡ ಮುಟ್ಟಿ ತಿರುಗಿದುದನ್ನು ಚಲನೆಯಿಂದ ಗುರುತಿಸಿ ಗಡಿಯಾರ ಎಣಿಸುತ್ತದೆ. ಕೊಳ 25 ಮೀಟರಿನದೋ 50 ಮೀಟರಿನದೋ ಎಂಬುದನ್ನು ಮೊದಲೇ ತಿಳಿಸಿರಬೇಕು. ಬೆನ್ನಿನ ಮೇಲೆ ಬರೆದಿರುವ 5 ಎ.ಟಿ.ಎಂ. ಎಂಬುದು 50 ಮೀಟರ್ ಆಳದ ನಿಶ್ಚಲ ನೀರಿನ ಒತ್ತಡಕ್ಕೆ ಸಮ. ಈಜಿಗೆ ಅದು ಸಾಕು, ಆಳಕ್ಕೆ ಮುಳುಗುವವರಿಗೆ ಅಲ್ಲ.

ಬೆಟ್ಟದ ಹಾದಿ

ಚಾರಣಿಗರ ಅಗತ್ಯ ಓಟಗಾರರ ಅಗತ್ಯಕ್ಕಿಂತ ಭಿನ್ನ. ಮೊದಲನೆಯದು ಎತ್ತರದ ಅಳತೆ. ಜಿ.ಪಿ.ಎಸ್. ಹೇಳುವ ಎತ್ತರದಲ್ಲಿ ದೋಷ ಹೆಚ್ಚು. ಉಪಗ್ರಹಗಳೆಲ್ಲ ತಲೆಯ ಮೇಲಿದ್ದು ಕಾಲ ಕೆಳಗೆ ಒಂದೂ ಇಲ್ಲದಿರುವುದೇ ಕಾರಣ. ಆದುದರಿಂದ ವಾಯುಭಾರ ಮಾಪಕವುಳ್ಳ ಗಡಿಯಾರವೇ ಮೇಲು. ಸಮುದ್ರಮಟ್ಟದ ಬಳಿ ಎಂಟು ಒಂಬತ್ತು ಮೀಟರ್ ಏರಿದಾಗ ವಾಯುಭಾರ ಒಂದು ಹೆಕ್ಟೊಪಾಸ್ಕಲ್‌ನಷ್ಟು ಇಳಿಯುತ್ತದೆ. ಈ ಸಾಧನ ಅದನ್ನೂ ಸೂಕ್ಷ್ಮವಾಗಿ ಹಿಡಿಯುತ್ತದೆ. ಇದರ ದೌರ್ಬಲ್ಯ ಹವೆಯ ಬದಲಾವಣೆ. ರಾತ್ರಿ ಮಳೆಮೋಡ ಕವಿದು ವಾಯುಭಾರ ನಾಲ್ಕು ಹೆಕ್ಟೊಪಾಸ್ಕಲ್ ಕುಸಿದರೆ ಡೇರೆಯಲ್ಲಿ ಮಲಗಿದ್ದವರು ಬೆಳಗಾಗುವಷ್ಟರಲ್ಲಿ ಮೂವತ್ತೈದು ಮೀಟರ್ ಬೆಟ್ಟ ಹತ್ತಿದರೆಂದು ಗಡಿಯಾರ ಬರೆದುಕೊಂಡಿರುತ್ತದೆ. ಎತ್ತರ ಗೊತ್ತಿರುವ ಸ್ಥಳಗಳಲ್ಲಿ ಇದನ್ನು ಸರಿಪಡಿಸಿಕೊಳ್ಳಬೇಕು. ಕಳಸೂಬಾಯಿಯ ತುದಿ 1646 ಮೀಟರ್, ಕುಮಾರಪರ್ವತ 1712, ಮುಳ್ಳಯ್ಯನಗಿರಿ 1930. ಇನ್ನೊಂದು ಕಡೆಯಿಂದ ನೋಡಿದರೆ ಈ ದೌರ್ಬಲ್ಯವೇ ಗುಣ: ಒಂದೇ ಕಡೆ ಕುಳಿತಿರುವಾಗ “ಎತ್ತರ” ಏರುತ್ತಿದ್ದರೆ ಹವೆ ಕೆಡುತ್ತಿದೆಯೆಂದು ತಿಳಿದು ಬೇಗನೆ ಇಳಿಯಬಹುದು.

ಎರಡನೆಯದು ಬ್ಯಾಟರಿ. ಕಂಪನಿ ಹೇಳುವ ಗಂಟೆಗಳು ಹೊಸ ಬ್ಯಾಟರಿಗೆ, ಹಿತವಾದ ಹವೆಗೆ ಅನ್ವಯಿಸುವಂಥವು. ಹಿಮಾಲಯದ ಚಳಿಯಲ್ಲಿ ಅದು ಗಣನೀಯವಾಗಿ ಕುಗ್ಗುತ್ತದೆ; ದೆಹಲಿಯಿಂದ ಹೊರಡುವವರು ರಾತ್ರಿ ಗಡಿಯಾರವನ್ನು ಮಲಗುವ ಚೀಲದೊಳಗೇ ಇಟ್ಟುಕೊಳ್ಳಬೇಕು. ಬ್ಯಾಟರಿ ಉಳಿಸುವ ಕ್ರಮದಲ್ಲಿ ಗಡಿಯಾರ ಪ್ರತಿ ಸೆಕೆಂಡಿಗೆ ಬದಲಾಗಿ ನಿಮಿಷಕ್ಕೊಮ್ಮೆ ಸ್ಥಳವನ್ನು ಗುರುತಿಸುತ್ತದೆ. ಬಯಲಿನ ದಾರಿಗೆ ಇದು ಸಾಕು. ಅಂಕುಡೊಂಕಾದ ಘಟ್ಟದ ಹಾದಿಯಲ್ಲಿ ತಿರುವುಗಳೆಲ್ಲ ಕತ್ತರಿಸಿಹೋಗಿ, ಮರಳುವಾಗ ನೇರವಾಗಿ ಪ್ರಪಾತದ ಮೇಲೆ ನಡೆಯಿರೆಂದು ಗೆರೆ ತೋರಿಸುತ್ತದೆ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತವನ್ನು ಏರುವವರು ಮೊದಲು ಬಹುದೂರ ದಟ್ಟ ಕಾಡಿನೊಳಗೆ, ಅನಂತರ ಹುಲ್ಲುಗಾವಲಿನ ನಡುವೆ ನಡೆಯಬೇಕು. ಮಂಜು ಇಳಿದಾಗ ಆ ಹುಲ್ಲಿನಲ್ಲಿ ದಾರಿಯೆಂಬುದೇ ಕಾಣದು. ಬಂದ ಹೆಜ್ಜೆಯಲ್ಲೇ ಹಿಂದಿರುಗಿಸುವ ಸೌಲಭ್ಯ, ಮೊದಲೇ ಮಾರ್ಗವನ್ನು ತುಂಬಿಕೊಳ್ಳುವ ಸೌಲಭ್ಯ ಇವೆರಡಿದ್ದರೆ ಸಾಕು. ಬಣ್ಣದ ನಕ್ಷೆ ಇದ್ದರೆ ಅನುಕೂಲ, ಇಲ್ಲದಿದ್ದರೆ ಕೊರತೆಯಲ್ಲ.

ಮೂರನೆಯದು ಪ್ರಾಣದ ಪ್ರಶ್ನೆ. ಬಿದ್ದವರನ್ನು ಗುರುತಿಸಿ ಮನೆಯವರಿಗೆ ಸುದ್ದಿ ಮುಟ್ಟಿಸುತ್ತದೆಂದು ಜಾಹೀರಾತಿನಲ್ಲಿ ಹೇಳುವ ಗಡಿಯಾರ ಆ ಸುದ್ದಿಯನ್ನು ಸಾಮಾನ್ಯವಾಗಿ ಕಿಸೆಯಲ್ಲಿರುವ ಮೊಬೈಲ್ ಫೋನಿನ ಮೂಲಕವೇ ಕಳುಹಿಸುತ್ತದೆ. ಸಂಪರ್ಕವೇ ಇಲ್ಲದ ಕಣಿವೆಯಲ್ಲಿ ಆ ಸುದ್ದಿ ಹೊರಡುವುದಿಲ್ಲ. ಜಿ.ಪಿ.ಎಸ್. ಗಡಿಯಾರ ಉಪಗ್ರಹದ ಮಾತನ್ನು ಕೇಳುತ್ತದೆಯೇ ಹೊರತು ಅದರೊಡನೆ ಮಾತನಾಡುವುದಿಲ್ಲ. ಮಾತನಾಡಬಲ್ಲ ಸಾಧನಗಳು, ಅಂದರೆ ಉಪಗ್ರಹದ ಮೂಲಕ ಸಂದೇಶ ಕಳುಹಿಸುವಂಥವು, ಬೇರೆ ಇವೆ. ಇತ್ತೀಚೆಗೆ ಕೆಲವು ದುಬಾರಿ ಗಡಿಯಾರಗಳಲ್ಲಿಯೂ ಅದು ಅಡಕವಾಗಿ ಬರುತ್ತಿದೆ. ಅಮೆರಿಕದಿಂದ ತರುವವರು ಇಲ್ಲಿ ಬಹು ಜಾಗರೂಕರಾಗಿರಬೇಕು. ಅಂಥ ಸಾಧನವನ್ನು ಸರಕಾರದ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ತಿಳಿಯದೆ ತಂದ ವಿದೇಶೀ ಚಾರಣಿಗರು ವಿಮಾನ ನಿಲ್ದಾಣಗಳಲ್ಲಿ ಬಂಧನಕ್ಕೊಳಗಾದ ನಿದರ್ಶನಗಳಿವೆ. ಆದುದರಿಂದ ಹಳೆಯ ಪದ್ಧತಿಗೆ ಇಂದಿಗೂ ಪರ್ಯಾಯವಿಲ್ಲ: ಎಲ್ಲಿಗೆ ಹೋಗುವುದು, ಯಾವಾಗ ಮರಳುವುದು ಎಂಬುದನ್ನು ಮನೆಯಲ್ಲಿ ಬರೆದಿಟ್ಟು, ಕೊರಳಲ್ಲಿ ಒಂದು ಸೀಟಿ ಕಟ್ಟಿಕೊಂಡು, ಊರಿನ ಒಬ್ಬ ದಾರಿ ಬಲ್ಲವರನ್ನು ಜೊತೆಗೆ ಕರೆದೊಯ್ಯುವುದು.

ಅಂಗಡಿಯಲ್ಲಿ

ಕೊಳ್ಳುವವರು ಗಡಿಯಾರವನ್ನು ಕೈಗೆ ಕಟ್ಟಿಯೇ ನೋಡಬೇಕು. ಮೂವತ್ತು ಗ್ರಾಮಿನದೂ ಉಂಟು, ತೊಂಬತ್ತು ಗ್ರಾಮಿನದೂ ಉಂಟು. ತೆಳುವಾದ ಮಣಿಕಟ್ಟಿನ ಹೆಂಗಸರ ಕೈಯಲ್ಲಿ ದೊಡ್ಡದು ಅಲುಗಾಡಿ ನಾಡಿಯ ಲೆಕ್ಕವೇ ಕೆಡುತ್ತದೆ. ಚಾಳೀಸು ಬಂದವರು ಕನ್ನಡಕವನ್ನು ತೆಗೆದಿಟ್ಟು ಅಂಕಿಗಳನ್ನು ಓದಲು ಪ್ರಯತ್ನಿಸಬೇಕು, ಏಕೆಂದರೆ ಓಡುವಾಗ ಕನ್ನಡಕ ಕಿಸೆಯಲ್ಲಿರುತ್ತದೆ. ಸಾಧ್ಯವಾದರೆ ಬಾಗಿಲ ಬಳಿ ಬಿಸಿಲಿಗೂ ಹಿಡಿದು ನೋಡಬೇಕು. ಮುಟ್ಟಿದರೆ ಕೆಲಸ ಮಾಡುವ ಪರದೆ ಅಂಗಡಿಯಲ್ಲಿ ಸೊಗಸು. ಬೆವರಿನ ಕೈಯಲ್ಲಿ, ಕೊಂಕಣದ ಮಳೆಯಲ್ಲಿ ಅದು ಹಟ ಹಿಡಿಯುತ್ತದೆ. ಗುಂಡಿಗಳಿರುವುದೇ ಕ್ಷೇಮ. ಊರಿನಿಂದ ಬಂದ ಕನ್ನಡ ಸಂದೇಶ ಕೆಲವು ಗಡಿಯಾರಗಳಲ್ಲಿ ಬರಿಯ ಚೌಕಗಳ ಸಾಲಾಗಿ ಕಾಣುತ್ತದೆ. ಫೋನಿನಿಂದ ಒಂದು ಸಂದೇಶ ಕಳುಹಿಸಿ ಅಲ್ಲಿಯೇ ಪರೀಕ್ಷಿಸಬಹುದು. ಹೊರದೇಶದಲ್ಲಿ ಕೊಂಡ ಗಡಿಯಾರದ ಖಾತರಿ ಭಾರತದಲ್ಲಿ ನಡೆಯುತ್ತದೆಯೇ, ದುರಸ್ತಿಯ ಕೇಂದ್ರ ತಮ್ಮ ನಗರದಲ್ಲಿದೆಯೇ ಎಂಬುದನ್ನು ಮಗನಿಗೆ ಹೇಳುವ ಮೊದಲೇ ವಿಚಾರಿಸಿಕೊಳ್ಳಬೇಕು.

ಓಟದ ನಕ್ಷೆಯನ್ನು ಹತ್ತು ಜನರಿಗೆ ತೋರಿಸುವ ಉತ್ಸಾಹದಲ್ಲಿ ಮನೆಯ ಬಾಗಿಲನ್ನೂ ದಿನಚರಿಯನ್ನೂ ಜಗತ್ತಿಗೆ ಸಾರಿದಂತಾಗುತ್ತದೆಂಬುದು ಬಹುಜನಕ್ಕೆ ಹೊಳೆಯುವುದಿಲ್ಲ. ಸ್ಟ್ರಾವಾ ಎಂಬ ಸೇವೆ ಪ್ರಕಟಿಸಿದ ಓಟಗಾರರ ಜಾಗತಿಕ ನಕ್ಷೆಯಿಂದ 2018ರ ಜನವರಿಯಲ್ಲಿ ಸೈನಿಕ ನೆಲೆಗಳ ಗುಟ್ಟೇ ಬಯಲಾಗಿತ್ತು. ಮನೆಯ ಸುತ್ತಲಿನ ಅರ್ಧ ಕಿ.ಮೀ.ಯನ್ನು ಮರೆಮಾಡುವ ವ್ಯವಸ್ಥೆ ಇಂಥ ಸೇವೆಗಳಲ್ಲಿರುತ್ತದೆ; ಮೊದಲ ದಿನವೇ ಅದನ್ನು ಬಳಸಿಕೊಳ್ಳತಕ್ಕದ್ದು.

ಗಡಿಯಾರ ಮನೆಗೆ ಬಂದ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು, ಎರಡು ಪರೀಕ್ಷೆಗಳನ್ನು ಮಾಡುವುದು ಒಳ್ಳೆಯದು. 400 ಮೀಟರಿನ ಪ್ರಮಾಣಿತ ಓಟದ ಅಂಕಣಕ್ಕೆ ಹೋಗಿ, ತೆರೆದ ಆಕಾಶದಡಿ ಒಂದೆರಡು ನಿಮಿಷ ನಿಂತು ಉಪಗ್ರಹಗಳು ಸಿಕ್ಕಿವೆಯೆಂಬ ಸೂಚನೆ ಬಂದ ಮೇಲೆ, ಒಳಗಿನ ಮೊದಲನೆಯ ಪಥದಲ್ಲಿ ಹತ್ತು ಸುತ್ತು ಓಡುವುದು, 4 ಕಿ.ಮೀ.ಗೆ ನೂರು ಮೀಟರಿನೊಳಗಿನ ವ್ಯತ್ಯಾಸವನ್ನು ಕ್ಷಮಿಸಬಹುದು. ಓಟ ನಿಲ್ಲಿಸಿದೊಡನೆ ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ಹದಿನೈದು ಸೆಕೆಂಡು ನಾಡಿಯನ್ನು ಎಣಿಸಿ ನಾಲ್ಕರಿಂದ ಗುಣಿಸುವುದು, ಆ ಹದಿನೈದು ಸೆಕೆಂಡುಗಳಲ್ಲಿ ಗಡಿಯಾರ ತೋರಿಸಿದ ಅಂಕಿಯನ್ನು ಪಕ್ಕದವರಿಗೆ ಬರೆದುಕೊಳ್ಳಲು ಹೇಳುವುದು. ಹೀಗೆ ಮೂರು ದಿನ ಮಾಡಿ ನೋಡಿದಾಗ ಎರಡು ಲೆಕ್ಕಗಳ ನಡುವೆ ಪ್ರತಿಬಾರಿಯೂ ಹತ್ತಕ್ಕಿಂತ ಹೆಚ್ಚಿನ ಅಂತರ ಬಂದರೆ ಮೊದಲು ಪಟ್ಟಿಯ ಬಿಗಿಯನ್ನು ಸರಿಪಡಿಸಬೇಕು. ಆಗಲೂ ಸರಿಹೋಗದಿದ್ದರೆ ರಶೀದಿಯನ್ನು ಹಿಡಿದು ಅಂಗಡಿಗೆ ಹೋಗಬೇಕು.